ಇಜ್ನಿಕ್‌ನ ಮುಳುಗಿದ ಚರ್ಚಿಗೆ ಇಲ್ಲದ ಪಟ್ಟ ಯಾಕೆ?

ನಮಸ್ಕಾರ. ಟರ್ಕಿಯ ಇಜ್ನಿಕ್ ಸರೋವರದ ಆ ಫೋಟೊ ನೀವೂ ನೋಡಿರುತ್ತೀರಿ. ಹಸಿರು ನೀರಿನ ಅಡಿಯಲ್ಲಿ ಒಂದು ಚರ್ಚಿನ ಬುನಾದಿ, ಇಂಜಿನಿಯರ್ ನಕ್ಷೆ ಬಿಡಿಸಿಟ್ಟ ಹಾಗೆ. ಒಂದು ತುದಿಯಲ್ಲಿ ಅರ್ಧವೃತ್ತದ ಗೋಡೆ, ಉದ್ದಕ್ಕೂ ಮೂರು ಅಂಕಣ. 2014ರಲ್ಲಿ ಮೇಲಿನಿಂದ ತೆಗೆದ ಫೋಟೊಗಳಿಂದ ಇದು ಲೋಕಕ್ಕೆ ಗೊತ್ತಾಯಿತು. ತಮಾಷೆ ಏನು ಗೊತ್ತಾ? ಬುರ್ಸಾ ಉಲುದಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ಮುಸ್ತಫಾ ಶಾಹಿನ್ ಅದೇ ದಡದಲ್ಲಿ ವರ್ಷಗಟ್ಟಲೆ ಸರ್ವೇ ಮಾಡಿದವರು. ಆದರೂ ಕಣ್ಣಿಗೆ ಬಿದ್ದಿರಲಿಲ್ಲ. ಚರ್ಚು ಇದ್ದದ್ದು ದಡದ ಹತ್ತಿರವೇ, ಎರಡು ಮೀಟರ್ ಆಸುಪಾಸಿನ ನೀರಿನಲ್ಲಿ!

ಆಮೇಲೆ ಶುರುವಾಯಿತು ನೋಡಿ. ಇಜ್ನಿಕ್ ಅಂದರೆ ಹಳೆಯ ನೈಸಿಯಾ. ಕ್ರಿ.ಶ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಬಿಷಪ್‌ಗಳ ಮಹಾಸಭೆ ಕರೆದ ಊರು. ನಮ್ಮ ಕಡೆಯ ಚರ್ಚುಗಳಲ್ಲಿ ಇವತ್ತಿಗೂ ಹೇಳುವ ನೈಸೀನ್ ವಿಶ್ವಾಸ ಪ್ರಮಾಣಕ್ಕೆ, ಅಂದರೆ ಕ್ರೈಸ್ತ ನಂಬಿಕೆಯ ಸಾರ ಹೇಳುವ ಮಾತುಗಳಿಗೆ, ಆ ಊರಿನದೇ ಹೆಸರು. ಹಾಗಾಗಿ ಎಷ್ಟೋ ವಿಡಿಯೊಗಳಲ್ಲಿ ಒಂದೇ ಮಾತು: "ಸಭೆ ನಡೆದದ್ದು ಈ ಚರ್ಚಿನಲ್ಲೇ."

ಸ್ವಲ್ಪ ತಾಳಿ. ಚರ್ಚಿನ ಗೋಡೆಯ ಕೆಳಗೆ ಗೋರಿಗಳು ಸಿಕ್ಕಿವೆ. ಅವುಗಳಲ್ಲಿ ನಾಣ್ಯಗಳೂ ಇದ್ದವು. ಅವುಗಳಲ್ಲಿ ಚಕ್ರವರ್ತಿ ವೇಲೆನ್ಸ್‌ನ ನಾಣ್ಯವೂ ಇದೆ. ಅವನು ಆಳಿದ್ದು 364ರಿಂದ 378ರವರೆಗೆ. ಗೋಡೆಯ ಅಡಿಯ ಗೋರಿಯಲ್ಲಿ ಅವನ ನಾಣ್ಯ ಇದೆ ಅಂದರೆ ಗೋಡೆ ಎದ್ದದ್ದು ಅದಾದ ಮೇಲೆಯೇ ಅಲ್ವಾ? ಸಭೆ ಮುಗಿದು ಆಗಲೇ ಒಂದು ತಲೆಮಾರು ದಾಟಿತ್ತು. ಜೊತೆಗೆ, ಸಭೆಯಲ್ಲಿ ಖುದ್ದು ಇದ್ದ ಬಿಷಪ್ ಯೂಸಿಬಿಯಸ್ ಬರೆದದ್ದು ಅರಮನೆಯ ಸಭಾಂಗಣದ ಬಗ್ಗೆ. ಇದೇ ಜಾಗದಲ್ಲಿ ಅದಕ್ಕಿಂತ ಹಳೆಯ ಚರ್ಚು ಇತ್ತು ಅನ್ನುವ ವಾದವೂ ಇದೆ. ಇರಲಿ, ಅಗೆದು ತೋರಿಸಲಿ. ಅಲ್ಲಿಯವರೆಗೆ ನನಗೆ ನಾಣ್ಯದ ಮಾತೇ ಸಾಕು.

ಇಷ್ಟಕ್ಕೂ ಈ ಚರ್ಚಿಗೆ ಸ್ವಂತ ಕಥೆ ಇಲ್ಲವೇ? 303ರಲ್ಲಿ, ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕಾಲದಲ್ಲಿ, ನಿಯೋಫೈಟಸ್ ಎಂಬ ಹುಡುಗನನ್ನು ನಂಬಿಕೆಗಾಗಿ ಕೊಂದರು ಅನ್ನುತ್ತದೆ ಸಂಪ್ರದಾಯ. ಚರ್ಚು ಅವನ ನೆನಪಿಗೆ ಕಟ್ಟಿದ್ದು ಅನ್ನುವುದು ಶಾಹಿನ್ ಅವರ ಅಭಿಪ್ರಾಯ. 740ರ ಭೂಕಂಪದಲ್ಲಿ ಅದು ಬಿತ್ತು, ಆಮೇಲೆ ನೀರು ಆವರಿಸಿತು. ನೀರು ಬಾರದೆ ದಡದ ಮೇಲೆಯೇ ಬಿದ್ದುಕೊಂಡಿದ್ದರೆ ಆ ಕಲ್ಲುಗಳೆಲ್ಲ ಯಾರ್‍ಯಾರದೋ ಮನೆಗೋಡೆ ಸೇರುತ್ತಿದ್ದವು.

ಈ ಪಟ್ಟದ ಗದ್ದಲದಲ್ಲಿ ಮುಖ್ಯವಾದದ್ದೇ ಮರೆತುಹೋಗಿದೆ. ಸರೋವರ ಬತ್ತುತ್ತಿದೆ. ಮಳೆ ಕಡಿಮೆ, ಹೊಲಕ್ಕೂ ಕಾರ್ಖಾನೆಗೂ ಎತ್ತುವ ನೀರು ಜಾಸ್ತಿ. 2025ರ ನವೆಂಬರ್‌ನಲ್ಲಿ, ಮಹಾಸಭೆಯ 1700ನೇ ವರ್ಷಕ್ಕೆ, ಪೋಪ್ ಲಿಯೋ 14 ಬಂದು ಪ್ರಾರ್ಥಿಸಿದಾಗ ಈ ಅವಶೇಷ ನೀರಿನಿಂದ ಹೊರಗೇ ಇತ್ತು. ನೋಡಲು ಅನುಕೂಲ ಆಯಿತು ಅಂತ ಖುಷಿಪಟ್ಟವರೂ ಇದ್ದಾರೆ. ನನಗೆ ಖುಷಿ ಇಲ್ಲ. ಸಾವಿರ ವರ್ಷಕ್ಕೂ ಜಾಸ್ತಿ ನೆನೆದ ಗಾರೆ ಈಗ ಬಿಸಿಲು, ಚಳಿ, ಜನರ ಕಾಲು ಎಲ್ಲವನ್ನೂ ತಡೆಯಬೇಕು. ಮೊದಲು ಅದಕ್ಕೊಂದು ವ್ಯವಸ್ಥೆ ಆಗಲಿ. ಸಭೆ ಎಲ್ಲಿ ನಡೆಯಿತು ಅನ್ನುವ ಜಗಳವನ್ನು ಆಮೇಲೆ ಆರಾಮಾಗಿ ಆಡಬಹುದು.