ಆರು ದಿನ, ಐದು ಪಂದ್ಯ: ಸೆವಾನಿಯ ಹುಡುಗರು

ನಮಸ್ಕಾರ ಕೇಳುಗರೇ.

ಅಮೆರಿಕನ್ ಫುಟ್‌ಬಾಲ್ ಅಂದ ಕೂಡಲೇ ನೆನಪಾಗುವುದು ಲಕ್ಷ ಜನ ಕೂರುವ ಸ್ಟೇಡಿಯಂ, ಕೋಟಿಗಟ್ಟಲೆ ಸಂಬಳದ ಕೋಚ್, ಟಿವಿಯವರ ದುಡ್ಡು. ನಾನು ಇವತ್ತು ಹೇಳಹೊರಟಿರುವುದು ಅದನ್ನಲ್ಲ. ಟೆನೆಸಿ ರಾಜ್ಯದಲ್ಲಿ ಒಂದು ಗುಡ್ಡದ ಮೇಲೆ ಪುಟ್ಟ ಕಾಲೇಜೊಂದಿದೆ. ಹೆಸರು ಯೂನಿವರ್ಸಿಟಿ ಆಫ್ ದ ಸೌತ್. ಊರಿನ ಹೆಸರು ಸೆವಾನಿ, ಜನ ಕಾಲೇಜನ್ನೂ ಸೆವಾನಿ ಅಂತಲೇ ಕರೆಯುತ್ತಾರೆ. 1899ರಲ್ಲಿ ಅಲ್ಲಿ ಓದುತ್ತಿದ್ದವರು ಕೆಲವೇ ನೂರು ಜನ.

ಆಗಿನ ಆಟ ಈಗಿನಂತೆ ಇರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿರಲಿಲ್ಲ, ಅದಕ್ಕೆ ಅವಕಾಶ ಸಿಕ್ಕಿದ್ದು 1906ರಲ್ಲಿ. ಚೆಂಡನ್ನು ಎದೆಗವಚಿಕೊಂಡು ನುಗ್ಗಬೇಕು, ಎದುರಿನವರು ಮೈಮೇಲೆ ಬಿದ್ದು ಕೆಡವಬೇಕು, ಅಷ್ಟೇ. ಗೋಲಿನ ಗೆರೆ ದಾಟಿದರೆ ಐದು ಪಾಯಿಂಟ್. ಮುನ್ನುಗ್ಗುವುದಕ್ಕೂ ತಡೆಯುವುದಕ್ಕೂ ಅದೇ ಆಟಗಾರರು.

ಆ ವರ್ಷ ಸೆವಾನಿಗೆ ಒಂದು ತಾಪತ್ರಯ ಬಂತು. ಪ್ರತಿವರ್ಷ ಒಳ್ಳೆ ಕಲೆಕ್ಷನ್ ತರುತ್ತಿದ್ದದ್ದು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಜೊತೆಗಿನ ಪಂದ್ಯ. ಟಿಕೆಟ್ ಹಣ ಹಂಚಿಕೊಳ್ಳುವ ವಿಷಯದಲ್ಲಿ ಜಗಳವಾಗಿ ಅದೇ ನಿಂತುಹೋಯಿತು. ತಂಡದ ಮ್ಯಾನೇಜರ್ ಲ್ಯೂಕ್ ಲೀ ಆಗ ಇನ್ನೂ ವಿದ್ಯಾರ್ಥಿ, ಮುಂದೆ ಅಮೆರಿಕದ ಸೆನೆಟರ್ ಆದವರು. ಖರ್ಚು ಹೊಂದಿಸಬೇಕಲ್ವಾ? ಅವರು ಬೇರೆ ಊರುಗಳ ದೊಡ್ಡ ಕಾಲೇಜುಗಳ ಜೊತೆ ಸಾಲಾಗಿ ಐದು ಪಂದ್ಯ ಗೊತ್ತುಮಾಡಿಬಿಟ್ಟರು, ಅದೂ ಆರು ದಿನಗಳಲ್ಲಿ, ಹೋಗಿಬರುವ ದಾರಿಯೇ ಸುಮಾರು 4,000 ಕಿಲೋಮೀಟರ್, ಎಲ್ಲವೂ ರೈಲಿನಲ್ಲಿ.

ಇಪ್ಪತ್ತರ ಆಸುಪಾಸು ಹುಡುಗರು ಹೊರಟರು. ಹೊರಗಿನ ನೀರು ಕುಡಿದು ಹೊಟ್ಟೆ ಕೆಡಬಾರದು ಅಂತ ತಮ್ಮೂರಿನ ಬುಗ್ಗೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿಕೊಂಡರು. ಆಟದ ಬೂಟುಗಳು ಮಾತ್ರ ಊರಲ್ಲೇ ಉಳಿದುಬಿಟ್ಟವಂತೆ, ಆಮೇಲೆ ಓಡಾಡಿ ತರಿಸಿದರಂತೆ. ಈ ಬೂಟಿನ ಕಥೆಯನ್ನು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ.

ನವೆಂಬರ್ 9, ಆಸ್ಟಿನ್. ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12-0 ಗೆಲುವು. ಆ ಪಂದ್ಯದಲ್ಲಿ ನಾಯಕ ಹೆನ್ರಿ ಸೀಬಲ್ಸ್ ತಲೆ ಒಡೆದು ರಕ್ತ ಸುರಿಯಿತು, ಆದರೂ ಅವರು ಆಡುತ್ತಲೇ ಇದ್ದರು. ಮಾರನೇ ದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ, 10-0. ಅದರ ಮಾರನೇ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್, 23-0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನ ಸ್ಟೇಟ್, 34-0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ, 12-0.

ಸ್ವಲ್ಪ ಯೋಚನೆ ಮಾಡಿ. ಮಧ್ಯಾಹ್ನ ಮೈ ಜಜ್ಜಿಹೋಗುವಷ್ಟು ಆಡಿ, ರಾತ್ರಿಯಿಡೀ ಕುಲುಕುವ ಬೋಗಿಯಲ್ಲಿ ಮಲಗಿ, ಬೆಳಿಗ್ಗೆ ಎದ್ದರೆ ಕತ್ತು ತಿರುಗುವುದಿಲ್ಲ, ಮಂಡಿ ಮಡಚುವುದಿಲ್ಲ, ಅದೇ ಮೈಯಲ್ಲಿ ಮತ್ತೆ ಮೈದಾನಕ್ಕೆ ಇಳಿಯಬೇಕು, ಎದುರಿಗಿರುವವರು ಮಾತ್ರ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿ ಬಂದವರು. ಹಾಗಿದ್ದೂ ಐದು ಪಂದ್ಯಗಳಲ್ಲಿ ಒಂದೇ ಒಂದು ಪಾಯಿಂಟನ್ನೂ ಅವರು ಬಿಟ್ಟುಕೊಡಲಿಲ್ಲ. ನನಗೆ ಇದನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಆ ವರ್ಷ ಆಡಿದ 12 ಪಂದ್ಯಗಳನ್ನೂ ಗೆದ್ದರು. ಅವರ ಮೇಲೆ ಪಾಯಿಂಟ್ ಗಳಿಸಿದ್ದು ಆಬರ್ನ್ ಒಂದೇ. ಅದು 11-10ರ ಪಂದ್ಯ, ಆಬರ್ನ್ ಕೋಚ್ ಆಗಿದ್ದವರು ಜಾನ್ ಹೈಸ್ಮನ್, ಈಗ ಪ್ರತಿವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು.

ಆಮೇಲೆ ಕಾಲ ಬದಲಾಯಿತು. ಆಟಕ್ಕೆ ದುಡ್ಡು ಬಂತು, ದೊಡ್ಡ ಕಾಲೇಜುಗಳು ಇನ್ನೂ ದೊಡ್ಡವಾದವು. 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಪಂದ್ಯ ಆಡುವ ಕಾಲೇಜುಗಳ ಕೂಟ, ಹುಟ್ಟಿದಾಗ ಸೆವಾನಿಯೂ ಅದರ ಸ್ಥಾಪಕ ಸದಸ್ಯ. ಇವತ್ತು ಆ ಕಾನ್ಫರೆನ್ಸ್ ಅಂದರೆ ಅಲಬಾಮ, ಜಾರ್ಜಿಯಾ, ಲೂಸಿಯಾನ ಸ್ಟೇಟ್‌ನಂಥ ದೊಡ್ಡ ತಂಡಗಳು. ಅಲ್ಲಿ ಸೆವಾನಿ ಆಡಿದ್ದು 37 ಪಂದ್ಯ. ಸೋತದ್ದೂ 37. 1940ರಲ್ಲಿ ಕಾಲೇಜಿನ ಮುಖ್ಯಸ್ಥ ಅಲೆಕ್ಸಾಂಡರ್ ಗೆರಿ ತಂಡವನ್ನು ಅಲ್ಲಿಂದ ಹೊರಗೆ ತಂದರು. ಆಟದ ಹೆಸರಲ್ಲಿ ಸ್ಕಾಲರ್‌ಶಿಪ್ ಕೊಟ್ಟು ಹುಡುಗರನ್ನು ತರುವುದು ಬೇಡ, ಓದಲು ಬಂದವರೇ ಆಡಲಿ ಎನ್ನುವುದು ಅವರ ನಿಲುವು.

ಸೋತು ಓಡಿಹೋದರು ಅಂತ ಯಾರಾದರೂ ಅನ್ನಬಹುದು. ನಾನು ಹಾಗೆ ನೋಡುವುದಿಲ್ಲ. ಎಷ್ಟೋ ಕಾಲೇಜುಗಳು ಇಂಥ ಹೊತ್ತಿನಲ್ಲಿ ಆಟವನ್ನೇ ಕೈಬಿಟ್ಟವು, ಶಿಕಾಗೊ ವಿಶ್ವವಿದ್ಯಾಲಯವೇ 1939ರಲ್ಲಿ ಬಿಟ್ಟಿತು. ಸೆವಾನಿ ಬಿಡಲಿಲ್ಲ. ಈಗ ಅದು ಕಾಲೇಜು ಆಟದ ಮೂರನೇ ದರ್ಜೆಯಾದ ಡಿವಿಷನ್ ಮೂರರಲ್ಲಿದೆ, ಅಲ್ಲಿ ಆಟಕ್ಕೆಂದು ಯಾರಿಗೂ ಸ್ಕಾಲರ್‌ಶಿಪ್ ಇಲ್ಲ. 1891ರಲ್ಲಿ ಮೊದಲ ಪಂದ್ಯ ನಡೆದ ಅದೇ ಮೈದಾನದಲ್ಲಿ, ಗುಡ್ಡದ ಮರಗಳ ನಡುವೆ, ಹುಡುಗರು ಶನಿವಾರ ಮಧ್ಯಾಹ್ನ ಈಗಲೂ ಆಡುತ್ತಾರೆ. ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋಗುತ್ತಾರೆ.

ನಮಸ್ಕಾರ.