ಲಾಗಿನ್ ಬಾವಿಯ ನೀರು: ಸ್ಟ್ರಾಮ್‌ನೆಸ್ ಎಂಬ ಬಂದರು ಊರು

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಬಾವಿಯಿಂದ ಮಾತು ಶುರು ಮಾಡುತ್ತೇನೆ. ಆ ಬಾವಿಯಿಂದ ಈಗ ಯಾರೂ ನೀರು ಸೇದುವುದಿಲ್ಲ. 1931ರಲ್ಲೇ ಅದನ್ನು ಮುಚ್ಚಿಬಿಟ್ಟರು. ಸ್ಕಾಟ್ಲೆಂಡಿನ ಉತ್ತರದ ತುದಿಗೆ ಹೋಗಿ ನಿಂತರೆ ಎದುರಿಗೆ ಸಮುದ್ರ. ಆ ಸಮುದ್ರದ ಆಚೆ ಆರ್ಕ್ನಿ ದ್ವೀಪಗಳು. ಸುಮಾರು 70 ದ್ವೀಪಗಳಿವೆ, ಜನ ಇರುವುದು 20ರಷ್ಟರಲ್ಲಿ ಮಾತ್ರ. ಅವುಗಳಲ್ಲಿ ದೊಡ್ಡದಾದ ದ್ವೀಪದ ಪಶ್ಚಿಮಕ್ಕೆ ಸ್ಟ್ರಾಮ್‌ನೆಸ್ ಎಂಬ ಸಣ್ಣ ಊರಿದೆ. ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಊರಿನ ದಕ್ಷಿಣಕ್ಕೆ ನಡೆದುಕೊಂಡು ಹೋದರೆ ರಸ್ತೆ ಪಕ್ಕದಲ್ಲೇ ಈ ಬಾವಿ ಸಿಗುತ್ತದೆ. ಹೆಸರು ಲಾಗಿನ್ ಬಾವಿ.

ಅಲ್ಲೊಂದು ಬರಹ ಇದೆ. ಹಡ್ಸನ್ಸ್ ಬೇ ಕಂಪನಿಯ ಹಡಗುಗಳು 1670ರಿಂದ 1891ರವರೆಗೆ ಇಲ್ಲಿ ನೀರು ತುಂಬಿಕೊಂಡವು ಎನ್ನುತ್ತದೆ ಅದು. 1780ರಲ್ಲಿ ಸಾಗರಯಾನಿ ಕ್ಯಾಪ್ಟನ್ ಕುಕ್ ಅವರ ಹಡಗುಗಳಾದ ರೆಸೊಲ್ಯೂಷನ್ ಮತ್ತು ಡಿಸ್ಕವರಿ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್ ಅವರ ಎರೆಬಸ್ ಮತ್ತು ಟೆರರ್. ಕೊನೆಗೆ, ಹಿಂದಿನ ಕಾಲದ ವ್ಯಾಪಾರದ ಹಡಗುಗಳೂ ಎಂದು ಒಂದು ಸಾಲು. ಅಷ್ಟೇ.

ಮೊದಲ ದಿನ ಅದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಶಾಲೆಯಲ್ಲಿ ಓದಿದ ಹೆಸರುಗಳು ಒಂದು ರಸ್ತೆ ಬದಿಯ ಬಾವಿಯ ಮೇಲೆ! ನಾಲ್ಕು ದಿನ ಆ ಊರಲ್ಲಿ ಓಡಾಡಿದ ಮೇಲೆ ಮತ್ತೆ ಹೋಗಿ ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಅಲ್ಲಿ ಇಲ್ಲದ ಹೆಸರುಗಳು. ಇವತ್ತಿನ ನನ್ನ ಮಾತು ಅವರ ಬಗ್ಗೆ.

ಮೊದಲು ಊರನ್ನು ಸ್ವಲ್ಪ ನೋಡೋಣ.

ಸ್ಕ್ರಾಬ್‌ಸ್ಟರ್ ಎಂಬಲ್ಲಿ ಹಡಗು ಹತ್ತಿದರೆ ಒಂದೂವರೆ ಗಂಟೆಯ ದಾರಿ. ಹಡಗಿನ ಹೆಸರು ಹ್ಯಾಮ್ನವೋ. ಸ್ಟ್ರಾಮ್‌ನೆಸ್‌ನ ಹಳೆಯ ಹೆಸರೂ ಅದೇ. ಹಳೆಯ ನಾರ್ಸ್ ಭಾಷೆಯ ಪದ, ಹಡಗುಗಳಿಗೆ ಆಸರೆ ಕೊಡುವ ಕೊಲ್ಲಿ ಎಂಬ ಅರ್ಥ. ಈ ದ್ವೀಪಗಳು ಬಹಳ ಕಾಲ ನಾರ್ವೆಯ ಕೈಯಲ್ಲಿದ್ದವು. 1468ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಕ್ರಿಶ್ಚಿಯನ್ ತನ್ನ ಮಗಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಟ್ಟ. ವರದಕ್ಷಿಣೆಯ ಹಣ ಹೊಂದಿಸಲು ಆಗದೆ ಆರ್ಕ್ನಿಯನ್ನು ಅಡವಿಟ್ಟ. ಆ ಅಡವನ್ನು ಬಿಡಿಸಿಕೊಳ್ಳಲು ಅವನಿಂದ ಆಗಲೇ ಇಲ್ಲ. ಅದಕ್ಕೇ ಇವತ್ತಿಗೂ ಅಲ್ಲಿನ ಊರು, ಹೊಲ, ಬಂಡೆಗಳ ಹೆಸರೆಲ್ಲ ನಾರ್ಸ್ ಮೂಲದವೇ ಜಾಸ್ತಿ.

ದಾರಿಯಲ್ಲಿ ಹೋಯ್ ದ್ವೀಪದ ಕೆಂಪು ಬಂಡೆಗೋಡೆ ಬರುತ್ತದೆ. ಅದರ ಮುಂದೆ ಸಮುದ್ರದಲ್ಲಿ ಒಂಟಿಯಾಗಿ ನಿಂತ 137 ಮೀಟರ್ ಎತ್ತರದ ಕಲ್ಲಿನ ಕಂಬ. ಅದಕ್ಕೆ ಹೋಯ್‌ನ ಮುದುಕ ಎಂದೇ ಹೆಸರು. ನಾನು ಹೋದ ದಿನ ಮಂಜು ಕವಿದಿತ್ತು. ಬೇಸಿಗೆಯಲ್ಲಿ ಸಮುದ್ರದಿಂದ ಎದ್ದು ಬರುವ ಆ ಮಂಜಿಗೆ ಅಲ್ಲಿನವರು ಹಾರ್ ಎನ್ನುತ್ತಾರೆ. ಎಲ್ಲರೂ ಕಟಕಟೆ ಹಿಡಿದು ಕಾಯುತ್ತಿದ್ದೆವು. ಒಂದೇ ಒಂದು ನಿಮಿಷ ಮಂಜು ಸರಿದು ಮುದುಕನ ತಲೆ ಮಾತ್ರ ಕಾಣಿಸಿತು. ಅಷ್ಟು ಸಾಕಾಯಿತು.

ಊರು ಎಂದರೆ ಒಂದೇ ಬೀದಿ ಅಂದರೂ ನಡೆಯುತ್ತದೆ. ನೀರಿನಂಚಿಗೆ ಹೊಂದಿಕೊಂಡು ಅದು ಒಂದು ಮೈಲಿಯಷ್ಟು ಸೊಟ್ಟ ಸೊಟ್ಟಕ್ಕೆ ಹೋಗುತ್ತದೆ. ನೂರಿನ್ನೂರು ಹೆಜ್ಜೆಗೊಮ್ಮೆ ಹೆಸರು ಬದಲಾಗುತ್ತದೆ. ವಿಕ್ಟೋರಿಯಾ ಸ್ಟ್ರೀಟ್ ಇದ್ದದ್ದು ಗ್ರಹಾಂ ಪ್ಲೇಸ್ ಆಗುತ್ತದೆ, ಆಮೇಲೆ ಡಂಡಸ್ ಸ್ಟ್ರೀಟ್. ನೆಲಕ್ಕೆ ಚಪ್ಪಡಿ ಕಲ್ಲು ಹಾಸಿದ್ದಾರೆ. ಬೀದಿ ಎಷ್ಟು ಕಿರಿದು ಅಂದರೆ, ಕಾರು ಬಂದರೆ ನಾವು ಯಾರದೋ ಮನೆಯ ಬಾಗಿಲಿಗೆ ಒರಗಿ ನಿಲ್ಲಬೇಕು. ಗುಡ್ಡದ ಕಡೆಗೆ ಸಂದಿಗಳು ಹತ್ತಿಕೊಂಡು ಹೋಗುತ್ತವೆ. ಅಂಥ ಒಂದು ಸಂದಿಯ ಹೆಸರು ಓದಿ ನಾನು ನಿಂತುಬಿಟ್ಟೆ. ಖೈಬರ್ ಪಾಸ್! ನಮ್ಮ ಉಪಖಂಡದ ಕಣಿವೆಯ ಹೆಸರು, ಉತ್ತರದ ಕಡಲಂಚಿನ ಒಂದು ಮೀನುಗಾರರ ಊರಿನ ಗೋಡೆಯ ಮೇಲೆ.

ಸಮುದ್ರದ ಕಡೆಯ ಮನೆಗಳನ್ನು ನೋಡಬೇಕು. ಅವು ನೀರಿಗೆ ಮುಖ ಮಾಡಿಲ್ಲ. ಅಡ್ಡಗೋಡೆಯನ್ನು ನೀರಿಗೆ ಕೊಟ್ಟು, ಭುಜ ಚಾಚಿದ ಹಾಗೆ ಸಮುದ್ರದೊಳಕ್ಕೆ ಚಾಚಿಕೊಂಡಿವೆ. ಅಲ್ಲಿನ ಗಾಳಿಗೆ ಅದೇ ಸರಿ. ಒಂದೊಂದು ಮನೆಗೂ ತನ್ನದೇ ಕಟ್ಟೆ, ದೋಣಿ ಎಳೆದುಕೊಳ್ಳಲು ತನ್ನದೇ ಇಳಿಜಾರು. ಹಿತ್ತಿಲೇ ಬಂದರು.

ಇಂಥ ಮೂಲೆಯ ಊರಿಗೆ ಅಷ್ಟೆಲ್ಲ ಹಡಗು ಯಾಕೆ ಬಂದವು? ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಮತ್ತೆ ಯುದ್ಧ ಆಗುತ್ತಿದ್ದ ಕಾಲ ಅದು. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಹೋದರೆ ಶತ್ರುಗಳ ಕೈಗೆ ಸಿಕ್ಕಿಬೀಳುವ ಭಯ. ಹಾಗಾಗಿ ಅಮೆರಿಕಕ್ಕೆ, ಕೆನಡಾಕ್ಕೆ ಹೋಗುವ ಹಡಗುಗಳು ಸ್ಕಾಟ್ಲೆಂಡನ್ನು ಸುತ್ತಿಕೊಂಡು ಉತ್ತರದ ದಾರಿ ಹಿಡಿದವು. ಅಟ್ಲಾಂಟಿಕ್‌ಗೆ ಇಳಿಯುವ ಮೊದಲು ಕೊನೆಯ ಒಳ್ಳೆಯ ಬಂದರು ಇದು. ಗಾಳಿ ತಿರುಗುವವರೆಗೆ ಕಾಯಬಹುದು, ನೀರು, ಮಾಂಸ, ಮೊಟ್ಟೆ ತುಂಬಿಕೊಳ್ಳಬಹುದು. ಇನ್ನೊಂದು ಮುಖ್ಯವಾದ ಸಾಮಾನನ್ನೂ ಇಲ್ಲಿ ತುಂಬಿಕೊಳ್ಳುತ್ತಿದ್ದರು. ಮನುಷ್ಯರನ್ನು.

ಅದಕ್ಕೆ ಮೊದಲು ಗ್ರಹಾಂ ಅವರ ವಿಷಯ ಒಂದು ಮಾತು. ಊರು ಬೆಳೆಯುತ್ತಿದ್ದಂತೆ ಪಕ್ಕದ ಕರ್ಕ್‌ವಾಲ್ ತೆರಿಗೆ ಕೇಳಿತು. ಹೊರದೇಶದ ವ್ಯಾಪಾರದ ಹಕ್ಕು ತನ್ನಂಥ ರಾಜಮುದ್ರೆಯ ಪಟ್ಟಣಕ್ಕೇ ಸೇರಿದ್ದು, ಸ್ಟ್ರಾಮ್‌ನೆಸ್ ವ್ಯಾಪಾರ ಮಾಡಬೇಕಾದರೆ ಪಾಲು ಕೊಡಬೇಕು ಎಂದು. ಅಲೆಕ್ಸಾಂಡರ್ ಗ್ರಹಾಂ ಎಂಬ ವ್ಯಾಪಾರಿ ಕೊಡುವುದಿಲ್ಲ ಎಂದರು. ವರ್ಷಗಟ್ಟಲೆ ಕೇಸು ನಡೆಯಿತು. 1758ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಸ್ಟ್ರಾಮ್‌ನೆಸ್ ಪರವಾಗಿ ತೀರ್ಪು ಕೊಟ್ಟಿತು. ಸ್ಕಾಟ್ಲೆಂಡಿನ ಎಷ್ಟೋ ಸಣ್ಣ ಊರುಗಳು ಅದರಿಂದ ಉಸಿರಾಡಿದವು. ಗ್ರಹಾಂ ಮಾತ್ರ ಖರ್ಚಿನಲ್ಲಿ ಮುಳುಗಿ ಬಡತನದಲ್ಲೇ ತೀರಿಕೊಂಡರು. ಬಂದರಿನ ಹತ್ತಿರ ಅವರ ನೆನಪಿಗೆ ಒಂದು ಕಾರಂಜಿ ಇದೆ.

ಈಗ ಆ ಮನುಷ್ಯರ ವಿಷಯಕ್ಕೆ ಬರುತ್ತೇನೆ.

ಹಡ್ಸನ್ಸ್ ಬೇ ಕಂಪನಿ ಕೆನಡಾದಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿತ್ತು. 18ನೇ ಶತಮಾನದ ಆರಂಭದಿಂದ ಅದರ ಹಡಗುಗಳು ಪ್ರತಿ ಬೇಸಿಗೆಯಲ್ಲಿ ಇಲ್ಲಿ ನಿಂತು ಹುಡುಗರನ್ನು ಕೆಲಸಕ್ಕೆ ತೆಗೆದುಕೊಂಡು ಹೋಗುತ್ತಿದ್ದವು. ದ್ವೀಪದ ಹುಡುಗರಿಗೆ ದೋಣಿ ಗೊತ್ತು, ಚಳಿ ಗೊತ್ತು. ಸಂಬಳ ಕಡಿಮೆಯಾದರೂ ಬರುತ್ತಿದ್ದರು. ಊರಲ್ಲಿ ಉಳಿದರೆ ಯಾರದೋ ಜಮೀನಿನಲ್ಲಿ ದುಡಿಯುವುದೇ ಗತಿ. 18ನೇ ಶತಮಾನ ಮುಗಿಯುವ ಹೊತ್ತಿಗೆ ಕೆನಡಾದಲ್ಲಿದ್ದ ಕಂಪನಿಯ ಆಳುಗಳಲ್ಲಿ ಮುಕ್ಕಾಲು ಪಾಲು ಆರ್ಕ್ನಿಯವರೇ ಆಗಿದ್ದರು. ಈಗ ಊರಿನ ಬೀದಿಯಲ್ಲಿ ಪಿಯರ್ ಆರ್ಟ್ಸ್ ಸೆಂಟರ್ ಎಂಬ ಚಂದದ ಕಲಾಮಂದಿರ ಇದೆ. 1979ರಲ್ಲಿ ಶುರುವಾದದ್ದು. ಅದೇ ಕಟ್ಟಡದಲ್ಲಿ ಹಿಂದೆ ಕಂಪನಿಯ ಏಜೆಂಟ್ ಎಡ್ವರ್ಡ್ ಕ್ಲೌಸ್ಟನ್ ಅವರ ಕಚೇರಿ, ಉಗ್ರಾಣ ಇದ್ದವು. ನಾನು ಅಲ್ಲಿ ಚಿತ್ರ ನೋಡುತ್ತ ನಿಂತಾಗಲೂ ಮನಸ್ಸು ಮಾತ್ರ ಆ ಕಂಪನಿಗೆ ಸೇರಿದ ಹುಡುಗರ ಕಡೆಗೇ ಹೋಗುತ್ತಿತ್ತು. ಹದಿನೆಂಟು, ಇಪ್ಪತ್ತರ ಹುಡುಗರು. ತಿರುಗಿ ಬರುವುದು ಎಷ್ಟೋ ವರ್ಷದ ಮೇಲೆ. ಕೆಲವರು ಬರಲೇ ಇಲ್ಲ. ಅಲ್ಲಿಯ ಕ್ರೀ ಹೆಣ್ಣುಮಕ್ಕಳ ಜೊತೆ ಸಂಸಾರ ಹೂಡಿದರು. ಫ್ಲೆಟ್, ಇಸ್ಬಿಸ್ಟರ್, ಲಿಂಕ್‌ಲೇಟರ್ ಇವೆಲ್ಲ ಆರ್ಕ್ನಿಯ ಮನೆತನದ ಹೆಸರುಗಳು. ಇವತ್ತು ಕೆನಡಾದ ಮೂಲನಿವಾಸಿ ಕುಟುಂಬಗಳಲ್ಲೂ ಈ ಹೆಸರುಗಳಿವೆ.

ಹೋದವರೆಲ್ಲ ಗಂಡಸರೇ ಅಲ್ಲ. 1806ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಎಂಬ ಹಡಗು ಸ್ಟ್ರಾಮ್‌ನೆಸ್‌ನಿಂದ ಹೊರಟಾಗ ಅದರಲ್ಲಿ ಜಾನ್ ಫಬಿಸ್ಟರ್ ಎಂಬ ಹೆಸರಿನ ಆಳು ಒಬ್ಬ ಇದ್ದ. ನಿಜವಾಗಿ ಅದು ಇಸೊಬೆಲ್ ಗನ್ ಎಂಬ ಹೆಣ್ಣುಮಗಳು. ಗಂಡಸಿನ ಬಟ್ಟೆ ಹಾಕಿಕೊಂಡು ಕೆಲಸಕ್ಕೆ ಸೇರಿದ್ದಳು. ಒಂದೂವರೆ ವರ್ಷ ಆಕೆ ಬೇರೆಲ್ಲರ ಸಮಕ್ಕೆ ದೋಣಿ ನಡೆಸಿದಳು, ಹೊರೆ ಹೊತ್ತಳು. ಯಾರಿಗೂ ಅನುಮಾನ ಬರಲಿಲ್ಲ. 1807ರ ಡಿಸೆಂಬರ್ ಕೊನೆಯಲ್ಲಿ, ಪೆಂಬಿನಾ ಎಂಬಲ್ಲಿ, ಬೇರೆ ಕಂಪನಿಯ ಅಧಿಕಾರಿಯೊಬ್ಬನ ಮನೆಯಲ್ಲಿ, ಒಲೆಯ ಹತ್ತಿರ ಸ್ವಲ್ಪ ಮಲಗುತ್ತೇನೆ ಎಂದು ಕೇಳಿಕೊಂಡಳು. ಅಲ್ಲೇ ಮಗು ಹುಟ್ಟಿತು.

ಆಮೇಲೆ ಆದದ್ದು ನನಗೆ ಬಹಳ ನೋವು ಕೊಡುತ್ತದೆ. ಅದೇ ಹೆಂಗಸು, ಅದೇ ಕೈಗಳು, ಅದೇ ಶಕ್ತಿ. ಆದರೆ ಹೆಣ್ಣು ಎಂದು ಗೊತ್ತಾದ ಮೇಲೆ ಬಟ್ಟೆ ಒಗೆಯುವ ಕೆಲಸ ಕೊಟ್ಟರು. 1809ರಲ್ಲಿ ಮಗುವಿನ ಜೊತೆ ಊರಿಗೆ ಕಳಿಸಿಬಿಟ್ಟರು. ಆಕೆಗೆ ಹೋಗುವ ಮನಸ್ಸಿರಲಿಲ್ಲ. ಹೋದ ಹಡಗಿನಲ್ಲೇ ವಾಪಸ್ಸು ಬಂದಳು. ಸ್ಟ್ರಾಮ್‌ನೆಸ್‌ನಲ್ಲಿ ಕಾಲುಚೀಲ, ಕೈಗವಸು ಹೆಣೆದು ಹೊಟ್ಟೆ ಹೊರೆದಳು. ತೀರಿಕೊಂಡದ್ದು 1861ರಲ್ಲಿ. ಅಂದರೆ ಐವತ್ತಕ್ಕೂ ಹೆಚ್ಚು ವರ್ಷ, ಪ್ರತಿ ಬೇಸಿಗೆಯಲ್ಲೂ ಕಂಪನಿಯ ಹಡಗು ಬಂದು ನಿಲ್ಲುವುದನ್ನು, ಲಾಗಿನ್ ಬಾವಿಯ ನೀರು ಪೀಪಾಯಿಗಳಲ್ಲಿ ಹೋಗುವುದನ್ನು, ಹುಡುಗರು ಹತ್ತಿ ಹೊರಡುವುದನ್ನು ಆಕೆ ನೋಡಿರಲೇಬೇಕು, ಅಲ್ವಾ?

ಇನ್ನೊಬ್ಬರು ಜಾನ್ ರೇ. ಹುಟ್ಟಿದ್ದು 1813ರಲ್ಲಿ, ಸ್ಟ್ರಾಮ್‌ನೆಸ್‌ನಿಂದ ನೀರಿನಾಚೆ ಕಾಣುವ ಕ್ಲೆಸ್ಟ್ರೈನ್ ಎಂಬ ಮನೆಯಲ್ಲಿ. ಚಿಕ್ಕಂದಿನಲ್ಲಿ ದೋಣಿ, ಬಂದೂಕು ಎಂದು ತಿರುಗಿದವರು. ವೈದ್ಯಕೀಯ ಓದಿ ಅದೇ ಕಂಪನಿಗೆ ಡಾಕ್ಟರ್ ಆಗಿ ಹೋದರು. ನಾನು ಅವರನ್ನು ಮೆಚ್ಚುವುದು ಒಂದು ಕಾರಣಕ್ಕೆ. ಅವರು ಆ ನೆಲದವರಿಂದ ಕಲಿತರು. ಹಿಮದ ಮೇಲೆ ನಡೆಯುವ ಪಾದುಕೆ ಕಟ್ಟುವುದು ಕ್ರೀ ಜನರಿಂದ, ಹಿಮದ ಮನೆ ಕಟ್ಟುವುದು ಇನುಯಿಟ್ ಜನರಿಂದ. ಬೇಟೆಯಾಡಿ ಸಿಕ್ಕಿದ್ದನ್ನು ತಿಂದು, ಕೆಲವೇ ಜನರನ್ನು ಕಟ್ಟಿಕೊಂಡು ಸಾವಿರಾರು ಮೈಲಿ ನಡೆದರು.

ಸ್ಟ್ರಾಮ್‌ನೆಸ್ ಮ್ಯೂಸಿಯಂನಲ್ಲಿ ಅವರ ಕಾಲದ ಒಂದು ದೋಣಿ ಇದೆ. ಹಾಲ್ಕೆಟ್ ಎಂಬ ನೌಕಾಪಡೆಯ ಅಧಿಕಾರಿ ಮಾಡಿದ ಮಾದರಿ. ರಬ್ಬರು ಹಚ್ಚಿದ ಬಟ್ಟೆಯದ್ದು. ಗಾಳಿ ತುಂಬಿದರೆ ದೋಣಿ, ಗಾಳಿ ಬಿಟ್ಟರೆ ಮಡಚಿ ಬೆನ್ನಿಗೆ ಹಾಕಿಕೊಳ್ಳುವ ಹೊರೆ. ರೇ ಆರ್ಕ್ಟಿಕ್‌ನ ಹೊಳೆಗಳನ್ನು ಇಂಥದ್ದರಲ್ಲೇ ದಾಟಿದರು. ನಾನು ಬಗ್ಗಿ ಬಹಳ ಹೊತ್ತು ನೋಡಿದೆ. ಮುದುಡಿದ ಹಳೆಯ ಚರ್ಮದ ಚೀಲದ ಹಾಗೆ ಕಾಣುತ್ತದೆ. ಇದನ್ನು ನಂಬಿ ಮಂಜುಗಡ್ಡೆ ತೇಲುವ ನೀರಿಗೆ ಇಳಿಯಲು ಎಂಥ ಎದೆ ಬೇಕು!

ಬಾವಿಯ ಬರಹದಲ್ಲಿ ಫ್ರಾಂಕ್ಲಿನ್ ಹೆಸರಿದೆ ಎಂದೆನಲ್ಲ. 1845ರಲ್ಲಿ ಅವರ ಎರಡು ಹಡಗು ಇಲ್ಲಿಂದ ಹೊರಟು ವಾಯವ್ಯ ಜಲಮಾರ್ಗ, ಅಂದರೆ ಕೆನಡಾದ ಉತ್ತರದಿಂದ ಪೆಸಿಫಿಕ್‌ಗೆ ಹೋಗುವ ದಾರಿ, ಹುಡುಕಲು ಹೋದವು. ಮುಂದೆ ಸಾಗಿದ 129 ಜನರಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಅವರಿಗೆ ಏನಾಯಿತು ಎಂಬ ಸುದ್ದಿ ತಂದವರು ಜಾನ್ ರೇ, 1854ರಲ್ಲಿ. ಇನುಯಿಟ್ ಜನ ಹೇಳಿದ್ದನ್ನು ಕೂತು ಕೇಳಿದರು. ಅವರ ಹತ್ತಿರ ಇದ್ದ ಬೆಳ್ಳಿಯ ಚಮಚ, ಫೋರ್ಕು, ಫ್ರಾಂಕ್ಲಿನ್ ಹೆಸರಿದ್ದ ತಟ್ಟೆ ಕೊಂಡುಕೊಂಡರು. ಹಡಗಿನವರು ಹಸಿವಿನಿಂದ ಸತ್ತರು, ಕೊನೆಗೆ ಸತ್ತ ಸಂಗಾತಿಗಳ ಮಾಂಸವನ್ನೂ ತಿಂದರು ಎಂದು ವರದಿ ಕೊಟ್ಟರು.

ಲಂಡನ್ ಅದನ್ನು ಸಹಿಸಲಿಲ್ಲ. ಫ್ರಾಂಕ್ಲಿನ್ ಅವರ ಹೆಂಡತಿ ಸಿಟ್ಟಾದರು. ಚಾರ್ಲ್ಸ್ ಡಿಕನ್ಸ್ ಅಂಥವರೇ ಇನುಯಿಟ್ ಜನರ ಮಾತನ್ನು ನಂಬಬೇಡಿ ಎಂದು ಕೆಟ್ಟದಾಗಿ ಬರೆದರು. ರೇ ಮಾತ್ರ ನನಗೆ ಹೇಳಿದವರು ಸುಳ್ಳು ಹೇಳುವವರಲ್ಲ ಎಂಬ ನಿಲುವು ಬಿಡಲಿಲ್ಲ. ಸರ್ ಪದವಿ ಅವರಿಗೆ ಸಿಗಲೇ ಇಲ್ಲ. 1893ರಲ್ಲಿ ತೀರಿಕೊಂಡರು. ಸಮಾಧಿ ಕರ್ಕ್‌ವಾಲ್‌ನಲ್ಲಿದೆ.

ಸತ್ಯ ಹೊರಗೆ ಬರಲು ನೂರು ವರ್ಷ ಮೀರಿತು. ಸಿಕ್ಕ ಮೂಳೆಗಳ ಮೇಲೆ ಚಾಕುವಿನ ಗೀರುಗಳನ್ನು 1997ರಲ್ಲಿ ವಿಜ್ಞಾನಿಗಳು ತೋರಿಸಿದರು. 2014ರಲ್ಲಿ ಎರೆಬಸ್, 2016ರಲ್ಲಿ ಟೆರರ್ ಸಮುದ್ರದ ತಳದಲ್ಲಿ ಸಿಕ್ಕವು. ಅವುಗಳನ್ನು ಎಲ್ಲಿ ಹುಡುಕಬೇಕು ಎಂದು ತಿಳಿಯಲು ನೆರವಾದದ್ದೂ ಇನುಯಿಟ್ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತುಗಳೇ. ಈಗ ನೀವು ಸ್ಟ್ರಾಮ್‌ನೆಸ್‌ನಲ್ಲಿ ಹಡಗಿನಿಂದ ಇಳಿದರೆ ಬಂದರಿನಲ್ಲೇ ರೇ ಅವರ ಪ್ರತಿಮೆ ಸಿಗುತ್ತದೆ. 2013ರಲ್ಲಿ, ಅವರು ಹುಟ್ಟಿ 200 ವರ್ಷವಾದಾಗ ನಿಲ್ಲಿಸಿದ್ದು.

ಕುಕ್ ಅವರ ವಿಷಯವೂ ಹಾಗೇ. ಬರಹ ಓದಿದರೆ ಕುಕ್ ಇಲ್ಲಿಗೆ ಬಂದಿದ್ದರು ಅನಿಸುತ್ತದೆ. ಬಂದದ್ದು ಅವರ ಹಡಗುಗಳು ಮಾತ್ರ. ಅವರು ಹಿಂದಿನ ವರ್ಷವೇ, 1779ರ ಫೆಬ್ರವರಿಯಲ್ಲಿ, ಹವಾಯಿಯಲ್ಲಿ ಕೊಲೆಯಾಗಿದ್ದರು. ನಾಯಕ ಇಲ್ಲದ ಎರಡು ಹಡಗುಗಳು ಭೂಮಿ ಸುತ್ತಿ ದಣಿದು ಇಲ್ಲಿಗೆ ಬಂದು, ಗಾಳಿಗಾಗಿ ವಾರಗಟ್ಟಲೆ ಕಾದವು.

ಇನ್ನೂ ಹೇಳಬೇಕಾದದ್ದು ಎಷ್ಟೋ ಇದೆ. 1919ರ ಜೂನ್ 21ರಂದು ಸ್ಟ್ರಾಮ್‌ನೆಸ್ ಶಾಲೆಯ ಮಕ್ಕಳು ದೋಣಿಯಲ್ಲಿ ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಗೆ ಪ್ರವಾಸ ಹೋಗಿದ್ದರು, ಮೊದಲ ಮಹಾಯುದ್ಧದ ನಂತರ ಅಲ್ಲಿ ಸೆರೆಯಲ್ಲಿದ್ದ ಜರ್ಮನ್ ಯುದ್ಧನೌಕೆಗಳನ್ನು ನೋಡಲು. ಅವರ ಕಣ್ಣೆದುರೇ ಜರ್ಮನ್ನರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. 74ರಲ್ಲಿ 52 ಮುಳುಗಿದವು. ಈಗ ಅದೇ ಊರಲ್ಲಿ ಅಲೆಯಿಂದ, ಸಮುದ್ರದ ಹರಿವಿನಿಂದ ಕರೆಂಟು ತೆಗೆಯುವ ಯಂತ್ರಗಳನ್ನು ಪರೀಕ್ಷೆ ಮಾಡುವ ಯುರೋಪಿನ ಕೇಂದ್ರ ಇದೆ. 2003ರಲ್ಲಿ ಶುರುವಾದದ್ದು.

ಹೊರಡುವ ಹಿಂದಿನ ಸಂಜೆ ಮತ್ತೆ ಬಾವಿಯ ಹತ್ತಿರ ಹೋದೆ. ಸಂಜೆ ಎಂದರೆ ರಾತ್ರಿ ಹತ್ತು ಗಂಟೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತೂವರೆಗೆ. ಒಬ್ಬ ವಯಸ್ಸಾದ ಹೆಂಗಸು ಆ ಬರಹವನ್ನು ಬೆರಳಿಟ್ಟು ಓದುತ್ತಿದ್ದರು. ಕೆನಡಾದಿಂದ ಬಂದವರು. ಅಜ್ಜಿಯ ಕಡೆಯವರು ಕ್ರೀ ಜನ, ಅಜ್ಜನ ಮುತ್ತಜ್ಜ ಈ ದ್ವೀಪದವರು ಅಂತೆ. ಅವರು ಹೋದ ಹಡಗು ಯಾವುದು, ವರ್ಷ ಯಾವುದು, ಒಂದೂ ಮನೆಯಲ್ಲಿ ಯಾರಿಗೂ ತಿಳಿಯದು. ಮ್ಯೂಸಿಯಂನಲ್ಲಿ ಎರಡು ದಿನ ಹುಡುಕಿದರೂ ಸಿಕ್ಕಿರಲಿಲ್ಲ. ಹಡಗು ಯಾವುದಾದರೇನು, ಕುಡಿದ ನೀರು ಇದೇ ತಾನೆ ಎಂದರು. ಒಂದು ಫೋಟೋ ತೆಗೆಯುತ್ತೀರಾ ಎಂದು ಫೋನು ನನ್ನ ಕೈಗೆ ಕೊಟ್ಟರು. ಬಾವಿಯ ಕಲ್ಲಿನ ಮೇಲೆ ಅಂಗೈ ಊರಿ ನಿಂತರು. ಗಾಳಿಗೆ ಕೂದಲು ಹಾರಿ ಮುಖ ಮುಚ್ಚುತ್ತಿತ್ತು. ಮೂರು ಫೋಟೋ ತೆಗೆದೆ. ಮೂರನೆಯದರಲ್ಲಿ ಮುಖ ಸರಿಯಾಗಿ ಬಂತು.