ಪ್ರೋಗ್ರಾಂ ಓಡಿಸದೇ ಲಾಂಗ್ ಎಷ್ಟು ಬೈಟ್ ಅಂತ ತಿಳಿಯುವುದು ಹೇಗೆ?

ನಮಸ್ಕಾರ! ನಿಮ್ಮಲ್ಲೊಬ್ಬರು ಕೇಳಿದ್ದರು: "ಲ್ಯಾಪ್‌ಟಾಪ್‌ನಲ್ಲಿ ಕೂತು ರಾಸ್ಪ್‌ಬೆರಿ ಪೈಗೆ ಪ್ರೋಗ್ರಾಂ ಕಂಪೈಲ್ ಮಾಡ್ತೀನಿ. ಪೈನಲ್ಲಿ ಲಾಂಗ್ ಎಷ್ಟು ಬೈಟ್ ಅಂತ ಕಾನ್ಫಿಗರ್ ಸ್ಕ್ರಿಪ್ಟ್‌ಗೆ ಹೇಗೆ ಗೊತ್ತಾಗುತ್ತೆ?" ಎಷ್ಟು ಒಳ್ಳೆ ಪ್ರಶ್ನೆ, ಅಲ್ವಾ?

ಬೇಸಿಕ್ ಬೇಗ ಮುಗಿಸೋಣ. ಲಾಂಗ್ ಅಂದರೆ ಸಿ ಭಾಷೆಯಲ್ಲಿ ಪೂರ್ಣಾಂಕ ಇಡುವ ಒಂದು ಟೈಪ್. ಪೈ ಒಂದು ಪುಟ್ಟ ಕಂಪ್ಯೂಟರ್. ಕಾನ್ಫಿಗರ್ ಅಂದರೆ ಕಂಪೈಲ್ ಮಾಡುವ ಮೊದಲು ಇಂಥ ವಿವರ ಪತ್ತೆ ಮಾಡುವ ಸ್ಕ್ರಿಪ್ಟ್. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್. 64 ಬಿಟ್ ವಿಂಡೋಸ್‌ನಲ್ಲಿ 4. 32 ಬಿಟ್ ಪೈನಲ್ಲೂ 4. ಸಾಮಾನ್ಯವಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ಓಡಿಸಿ, ಸೈಜ್‌ಆಫ್ (ಎಷ್ಟು ಬೈಟ್ ಅಂತ ಹೇಳುವ ಸಿ ಆಪರೇಟರ್) ನೋಡಿದರೆ ಆಯಿತು. ಆದರೆ ಪೈಗೆ ಅಂತ ಕಟ್ಟಿದ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ. 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪ್‌ನ ಅಳತೆಯನ್ನೇ ಬರೆದುಕೊಂಡರೆ, 4 ಇರಬೇಕಾದ ಕಡೆ 8 ಬಂದು ಕೂರುತ್ತದೆ. ಎಷ್ಟೋ ಸಲ ಕಂಪೈಲ್ ಸಲೀಸಾಗಿ ಆಗುತ್ತದೆ. ಆಮೇಲೆ ಡೇಟಾ ಕೆಡುತ್ತದೆ.

ಕಾನ್ಫಿಗರ್ ಸ್ಕ್ರಿಪ್ಟ್ ತಯಾರಿಸುವ ಸಾಧನ ಆಟೋಕಾನ್ಫ್. ಅದು ಇದನ್ನು ಬಿಡಿಸುವ ರೀತಿ ನನಗೆ ತುಂಬಾ ಇಷ್ಟ.

ಮುಷ್ಟಿಯಲ್ಲಿ ಹುಣಸೆ ಬೀಜ ಹಿಡಿದು "ಎಷ್ಟಿದೆ ಹೇಳು" ಅಂತ ಆಡಿದ್ದು ನೆನಪಿದೆಯಾ? ಕಂಪೈಲರ್ ಕೂಡ ಹಾಗೇ ಮುಷ್ಟಿ ಬಿಗಿಹಿಡಿದು ಕೂತಿದೆ. ಅದಕ್ಕೆ ಲೆಕ್ಕ ಗೊತ್ತು. ಆದರೆ ಸ್ಕ್ರಿಪ್ಟ್‌ಗೆ ಕಾಣುವುದು ಎರಡೇ: ಎರರ್ ಬಂತು, ಅಥವಾ ಬರಲಿಲ್ಲ. ಅಷ್ಟೇ ಸಾಕು!

[ತೆರೆಯ ಮೇಲೆ: ಒಂದು ಸಾಲಿನ ಅರೇ]

ಸಿ ಭಾಷೆಯಲ್ಲಿ ಅರೇ (ಒಂದೇ ಬಗೆಯ ಮೌಲ್ಯಗಳ ಸಾಲು) ಸೈಜ್ ಮೈನಸ್ ಇರುವಂತಿಲ್ಲ. ಹಾಗಾಗಿ ಸ್ಕ್ರಿಪ್ಟ್ ಒಂದು ಅರೇ ಬರೆಯುತ್ತದೆ. "ಲಾಂಗ್ 3 ಅಥವಾ ಅದಕ್ಕಿಂತ ಕಡಿಮೆ" ಅನ್ನುವುದು ನಿಜವಾದರೆ ಅದರ ಸೈಜ್ 1. ಸುಳ್ಳಾದರೆ ಮೈನಸ್ 1, ಎರರ್. ಎರರ್ ಬಂದರೆ 3ಕ್ಕಿಂತ ಜಾಸ್ತಿ ಅಂತಾಯಿತು!

32 ಬಿಟ್ ಪೈಗೆ ಆಡೋಣ. 0? ಎರರ್. 1? ಎರರ್. 3? ಎರರ್. 7? ಪಾಸ್! ಹಾಗಾದರೆ 4ರಿಂದ 7ರೊಳಗೆ ಇದೆ. 5? ಪಾಸ್. 4? ಪಾಸ್. ಸಿಕ್ಕಿತು, 4! ಒಂದು ಸಲವೂ ಪ್ರೋಗ್ರಾಂ ಓಡಿಸಲಿಲ್ಲ. ಮುಷ್ಟಿ ಬಿಚ್ಚಲೇ ಇಲ್ಲ, ಬೀಜ ಎಣಿಸಿಬಿಟ್ಟೆವು.

ಸಮಯ ಆಗ್ತಾ ಬಂತು, ಉಳಿದಿದ್ದು ಚುಟುಕಾಗಿ. ಪ್ರೋಗ್ರಾಂ ಕಟ್ಟಲು ಬಳಸುವ ಇನ್ನೊಂದು ಸಾಧನ ಮೆಸಾನ್ ಕೂಡ ಹೀಗೇ ಹುಡುಕಬಲ್ಲದು. ಅಂಥದ್ದೇ ಸಾಧನ ಸಿಮೇಕ್‌ನ ದಾರಿ ಬೇರೆ: ಸೈಜ್‌ನ ಅಂಕಿಗಳನ್ನು ಅಕ್ಷರಗಳಾಗಿ ಬೈನರಿ ಫೈಲ್ ಒಳಗೆ ಕೂರಿಸಿ, ಫೈಲ್ ಓಡಿಸದೇ ಓದಿಕೊಳ್ಳುತ್ತದೆ.

ನೀವು ನೋಡಿಕೊಳ್ಳಬೇಕಾದ್ದು: ಕಾನ್ಫಿಗರ್‌ಗೆ ಹೋಸ್ಟ್ (ಪ್ರೋಗ್ರಾಂ ಕೊನೆಗೆ ಓಡುವ ಯಂತ್ರ, ಇಲ್ಲಿ ಪೈ) ಯಾವುದು ಅಂತ ಸರಿಯಾಗಿ ಕೊಡಿ. ಲ್ಯಾಪ್‌ಟಾಪ್‌ಗೆ ಮಾಡಿದ ಹಳೇ ಕ್ಯಾಶ್ ಫೈಲ್ (ಹಿಂದಿನ ಉತ್ತರಗಳನ್ನು ಉಳಿಸಿಟ್ಟ ಫೈಲ್) ಇದ್ದರೆ ಮೊದಲು ಅಳಿಸಿ. ಅದರಲ್ಲಿ 8 ಅಂತ ಬರೆದಿದ್ದರೆ, ಸ್ಕ್ರಿಪ್ಟ್ ಈ ಆಟ ಆಡುವುದೇ ಇಲ್ಲ.